ಕಿಟಕಿ ತೆಗಿ, ಸೊನ್ನೆ, ಕಿಟಕಿ ಹಾಕು

ಆ ಹುಡುಗಿಯನ್ನು ಮೊದಲ ಸಲ ನೋಡಿದಾಗ ಅವಳು ನಮ್ಮ ಮೆಟ್ಟಿಲು ಹತ್ತುತ್ತಿದ್ದಳು. ನಾನು ಪಾಠ ಮಾಡುತ್ತಿದ್ದ ಕಂಪ್ಯೂಟರ್ ತರಬೇತಿ ಕೇಂದ್ರ ಶಿವಮೊಗ್ಗದ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ, ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲುಗಳು ಕಡಿದು. ಅರ್ಧಕ್ಕೆ ಬಂದಾಗ ಒಂದು ತಿರುವು, ತಿರುವಿನಲ್ಲಿ ತಲೆಗೆ ತಾಗುವಂತೆ ಒಂದು ತೊಲೆ. ಹೊಸಬರೆಲ್ಲ ಅಲ್ಲಿ ಒಮ್ಮೆ ಹಣೆ ಚಚ್ಚಿಕೊಳ್ಳುವುದು ವಾಡಿಕೆ. ಅವಳ ಮುಂದೆ ಅವಳ ತಂದೆ ಹತ್ತುತ್ತಿದ್ದರು. "ತಿರುವು ಬಂತು ಬೇಟಾ, ತಲೆ ಬಗ್ಸು" ಎಂದರು. ಅವಳು ಬಗ್ಗಿದಳು. ಅವರು ಹಿಂದಕ್ಕೆ ನೋಡುತ್ತಿದ್ದವರು ತಾವು ಬಗ್ಗುವುದನ್ನು ಮರೆತು ತೊಲೆಗೆ ತಲೆ ಹೊಡೆಸಿಕೊಂಡರು. ಸದ್ದು ಕೇಳಿ ಅವಳು ಬಿದ್ದು ಬಿದ್ದು ನಕ್ಕಳು. ಮೇಲೆ ನಿಂತಿದ್ದ ನನಗೂ ನಗು ತಡೆಯಲಾಗಲಿಲ್ಲ. ನಮ್ಮ ಪರಿಚಯ ಆದದ್ದು ಹಾಗೆ.

ಭದ್ರಾವತಿಯ ಹಳೇ ಊರಿನವರು. ತಂದೆ ಬಹಳ ವರ್ಷ ಲಾರಿ ಓಡಿಸಿ, ಬೆನ್ನು ನೋವು ಹೆಚ್ಚಾದ ಮೇಲೆ ಬಿಟ್ಟಿದ್ದರು. ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ಮಗಳಿಗೆ ಇಪ್ಪತ್ತೈದರ ಆಸುಪಾಸು, ಬಿ.ಕಾಂ. ಆಗಿತ್ತು. ಕಣ್ಣಿನ ರೆಟಿನಾಕ್ಕೆ ಬರುವ ಒಂದು ಕಾಯಿಲೆಯಿಂದ ಹೈಸ್ಕೂಲಿನಲ್ಲಿ ಶುರುವಾದ ತೊಂದರೆ ಡಿಗ್ರಿ ಮುಗಿಯುವ ಹೊತ್ತಿಗೆ ಓದುವ ಶಕ್ತಿಯನ್ನೇ ತೆಗೆದುಕೊಂಡು ಹೋಗಿತ್ತು. ಕೊನೆಯ ವರ್ಷದ ಪರೀಕ್ಷೆಯನ್ನು ಬೇರೆಯವರ ಕೈಯಲ್ಲಿ ಬರೆಸಿದ್ದಳು.

"ಪೈಥಾನ್ ಪ್ರೋಗ್ರಾಮಿಂಗ್ ಕಲೀಬೇಕು ಮೇಡಂ" ಎಂದಳು. "ಕಂಪನಿಗಳ ಲೆಕ್ಕದ ಮಾಹಿತಿ ಸರಿಮಾಡೋ ಕೆಲಸ ಮನೇಲಿ ಕೂತ್ಕೊಂಡೇ ಮಾಡ್ಬಹುದಂತೆ. ಕಣ್ಣಿಲ್ದೇ ಇರೋರೂ ಮಾಡ್ತಿದ್ದಾರಂತೆ. ನಾನು ಫೋನಲ್ಲಿ ಕೇಳ್ಕೊಂಡಿದೀನಿ."

ಕೇಂದ್ರದ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು, "ನಿಮಗೆ ಕಷ್ಟ ಆಗಲ್ಲ ಅಂದ್ರೆ ನಂದೇನೂ ಅಭ್ಯಂತರ ಇಲ್ಲ. ಆದ್ರೆ ಪಾಪ, ಆಸೆ ಹುಟ್ಸಿ ಕೈಬಿಡೋದು ಬೇಡ" ಎಂದರು. ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನನಗೂ ಅದೇ ಅಳುಕಿತ್ತು. ಕಣ್ಣು ಕಾಣದವರಿಗೆ ನಾನು ಅದುವರೆಗೆ ಏನನ್ನೂ ಕಲಿಸಿರಲಿಲ್ಲ. ಆದರೂ, ಮೆಟ್ಟಿಲ ಮೇಲೆ ಹಾಗೆ ನಕ್ಕವಳಿಗೆ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಅವಳ ಹಳೆಯ ಲ್ಯಾಪ್‌ಟಾಪಿನಲ್ಲಿತ್ತು. ಆದರೆ ನಮ್ಮ ಲ್ಯಾಬಿನ ಗದ್ದಲದಲ್ಲಿ ಅದರ ಇಂಗ್ಲಿಷ್ ಅವಳಿಗೆ ಸರಿಯಾಗಿ ಹಿಡಿಯುತ್ತಿರಲಿಲ್ಲ. ಹಾಗಾಗಿ ತಂದೆಯೇ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಅವರು ಓದಿದ್ದು ಏಳನೇ ಕ್ಲಾಸು. ಇಂಗ್ಲಿಷ್ ಅಕ್ಷರಗಳನ್ನು ಕಲಿತದ್ದು ರಸ್ತೆಯ ಬೋರ್ಡುಗಳಿಂದ, ಗಾಡಿಗಳ ನಂಬರ್ ಪ್ಲೇಟುಗಳಿಂದ. ಒಂದೊಂದೇ ಅಕ್ಷರ ಬಿಡಿಸಿ ಬಿಡಿಸಿ ಮಗಳ ಕಿವಿಗೆ ಹೇಳುತ್ತಿದ್ದರು. ಅಕ್ಷರಗಳೇನೋ ಸರಿ, ಚಿಹ್ನೆಗಳ ಹೆಸರು ಅವರಿಗೆ ಗೊತ್ತಿರಲಿಲ್ಲ. ಹಾಗಾಗಿ ತಾವೇ ಹೆಸರಿಟ್ಟರು. ದುಂಡನೆಯ ಕಂಸ ಚಂದ್ರ. ಬಳುಕಿ ಸುರುಳಿಯಾಗಿರುವ ಕಂಸ ಮೀಸೆ. ಚೌಕದ ಕಂಸ ಕಿಟಕಿ. ಮೊದಲ ದಿನಗಳಲ್ಲಿ ಬ್ಯಾಚಿನ ಉಳಿದವರು ಮುಸಿಮುಸಿ ನಗುತ್ತಿದ್ದರು. ಕೆಲವು ವಾರ ಕಳೆಯುವುದರೊಳಗೆ ಅವರೂ "ಮೇಡಂ, ನಂದು ಮೀಸೆ ಒಂದು ಕಡೆ ಬಿಟ್ಟುಹೋಗಿದೆ" ಎನ್ನತೊಡಗಿದರು.

ಪಟ್ಟಿಗಳ ಪಾಠದ ದಿನ ನನಗೆ ಚೆನ್ನಾಗಿ ನೆನಪಿದೆ. ಪ್ರೋಗ್ರಾಮಿನಲ್ಲಿ ಹಲವು ವಸ್ತುಗಳನ್ನು ಒಂದೇ ಹೆಸರಿನ ಕೆಳಗೆ ಸಾಲಾಗಿ ಇಡುತ್ತೇವೆ. ಆಮೇಲೆ ಸಾಲಿನಲ್ಲಿ ಅದು ಎಲ್ಲಿದೆ ಎಂಬ ಸಂಖ್ಯೆ ಹೇಳಿ ಬೇಕಾದ್ದನ್ನು ತೆಗೆಯುತ್ತೇವೆ. ನಾನು ಎಂದಿನಂತೆ ಬೋರ್ಡಿನ ಮೇಲೆ ಹಣ್ಣುಗಳ ಹೆಸರು ಬರೆದು, ಸುತ್ತ ಡಬ್ಬಿಗಳನ್ನು ಎಳೆದು, "ನಮಗೆ ಇದು ಬೇಕು ಅಂದ್ರೆ ಹೀಗೆ ಬರೀಬೇಕು, ಇದು ಬೇಕು ಅಂದ್ರೆ ಹೀಗೆ" ಎನ್ನುತ್ತಾ ಹೋದೆ.

"ಮೇಡಂ, ಇದು ಅಂದ್ರೆ ಯಾವುದು?" ಎಂದಳು ಅವಳು.

ನನ್ನ ಬೆರಳು ಬೋರ್ಡಿನ ಮೇಲೆಯೇ ನಿಂತಿತು. ಅಷ್ಟು ವರ್ಷ ಪಾಠ ಮಾಡಿದ್ದರೂ, ಅದರಲ್ಲಿ ಎಷ್ಟು ಪಾಲು ಮಾತು, ಎಷ್ಟು ಪಾಲು ಬೆರಳು ಎಂದು ನಾನು ಯೋಚಿಸಿರಲಿಲ್ಲ. ಕಂಪ್ಯೂಟರಿಗೂ ನನ್ನ ಬೆರಳು ಕಾಣುವುದಿಲ್ಲವಲ್ಲ. ಇದು, ಅದು ಎಂದರೆ ಅದಕ್ಕೂ ತಿಳಿಯದು, ಸ್ಥಾನದ ಸಂಖ್ಯೆಯನ್ನೇ ಹೇಳಬೇಕು. ನಾನು ಚಾಕ್‌ಪೀಸ್ ಕೆಳಗಿಟ್ಟು, ಬೋರ್ಡಿಗೆ ಬೆನ್ನು ಹಾಕಿ ನಿಂತು, ಬರೀ ಬಾಯಿಯಿಂದ ಪಾಠ ಶುರು ಮಾಡಿದೆ. "ಮಾವು ಸೊನ್ನೆಯಲ್ಲಿದೆ. ಬಾಳೆ ಒಂದರಲ್ಲಿದೆ. ಸೀಬೆ ಎರಡರಲ್ಲಿದೆ."

ಅಲ್ಲಿಗೆ ತಂದೆಯವರ ತಕರಾರು ಎದ್ದಿತು. "ಮೇಡಂ, ತಪ್ಪು ತಿಳ್ಕೋಬೇಡಿ. ಮಾವು ಮೊದಲನೇದಲ್ವಾ? ಒಂದು ಅಲ್ವಾ ಅದು? ಮಾವಿನ ಹಣ್ಣು ಕೈಯಾಗೆ ಇಟ್ಕೊಂಡು ಸೊನ್ನೆ ಅಂದ್ರೆ ಹೆಂಗೆ?"

ಪ್ರತಿ ಬ್ಯಾಚಿನಲ್ಲೂ ಯಾರಾದರೂ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ನನ್ನ ಬಳಿ ಇದ್ದ ಉತ್ತರ ಪುಸ್ತಕದ್ದು, ಮೆಮೊರಿ, ವಿಳಾಸ ಎಂದೆಲ್ಲ ಬರುವಂಥದ್ದು. ಅದನ್ನು ಶುರು ಮಾಡುವ ಮೊದಲೇ ಮಗಳು ತಂದೆಯ ಕಡೆ ತಿರುಗಿದಳು.

"ಅಬ್ಬಾ, ನೀವು ಭದ್ರಾವತಿಯಿಂದ ಲೋಡ್ ಹಾಕ್ಕೊಂಡು ಹೊರಡುವಾಗ ಟ್ರಿಪ್ ಮೀಟರ್ ಸೊನ್ನೆಗೆ ತಿರುಗಿಸ್ತಿದ್ರಲ್ಲಾ?"

"ಹೌದು, ತಿರುಗಿಸ್ತಿದ್ದೆ."

"ಗಾಡಿ ಇನ್ನೂ ಭದ್ರಾವತೀಲೇ ನಿಂತಿದೆ. ಆಗ ಮೀಟರಲ್ಲಿ ಎಷ್ಟು?"

"ಎಷ್ಟಿರತ್ತೆ? ಏನೂ ಇರಲ್ಲ. ಸೊನ್ನೆ."

"ಹಾಗಂತ ಭದ್ರಾವತಿ ಅನ್ನೋ ಊರೇ ಇಲ್ವಾ? ಇದೆ. ಕಂಪ್ಯೂಟರ್ ಎಷ್ಟನೇ ಊರು ಅಂತ ಕೇಳ್ತಿಲ್ಲ ಅಬ್ಬಾ. ಹೊರಟ ಜಾಗದಿಂದ ಎಷ್ಟು ಮುಂದೆ ಅಂತ ಕೇಳ್ತಿದೆ."

ಅವರು ಬೆರಳು ಮಡಿಸಿ ಎಣಿಸಿ ನೋಡಿದರು. ಆಮೇಲೆ "ಹಂಗಾದ್ರೆ ಸರಿ" ಎಂದರು, ಕಂಪ್ಯೂಟರಿಗೆ ಒಪ್ಪಿಗೆ ಕೊಟ್ಟವರ ಹಾಗೆ. ಅವಳು ತನ್ನ ಲ್ಯಾಪ್‌ಟಾಪಿನಲ್ಲಿ ಹಣ್ಣುಗಳನ್ನು ಅಳಿಸಿ ತಮ್ಮ ಬಸ್ಸಿನ ದಾರಿಯ ಊರುಗಳನ್ನು ಹಾಕಿಕೊಂಡಳು. ಭದ್ರಾವತಿ, ಮಾಚೇನಹಳ್ಳಿ, ನಿದಿಗೆ, ಮಲವಗೊಪ್ಪ, ಶಿವಮೊಗ್ಗ. ತಂದೆ ಪರದೆ ನೋಡಿ ಗಟ್ಟಿಯಾಗಿ ಓದಿದರು: "ಕಿಟಕಿ ತೆಗಿ, ಸೊನ್ನೆ, ಕಿಟಕಿ ಹಾಕು." ಉತ್ತರವಾಗಿ ಭದ್ರಾವತಿ ಬಂತು. ಐದೇ ಊರುಗಳಿರುವ ಸಾಲಿನಲ್ಲಿ, ಬೇಕೆಂತಲೇ, ಐದರಲ್ಲಿ ಏನಿದೆ ಎಂದು ಕೇಳಿದಳು. ಕಂಪ್ಯೂಟರ್ ಸಿಟ್ಟಾಗಿ ಕೆಂಪು ಅಕ್ಷರದಲ್ಲಿ ತಪ್ಪು ತೋರಿಸಿತು. ಕೊನೆಯ ಊರು ನಾಲ್ಕರಲ್ಲಿದೆ, ಐದು ಎಂಬ ಜಾಗವೇ ಇಲ್ಲ. "ಇಲ್ದಿರೋ ಊರಿಗೆ ಟಿಕೆಟ್ ಕೇಳಿದ್ರೆ ಕಂಡಕ್ಟರ್ ಇನ್ನೇನು ಮಾಡ್ತಾನೆ?" ಎಂದರು ತಂದೆ. ಇಡೀ ಲ್ಯಾಬು ನಕ್ಕಿತು. ಈ ಸಲ ಅದು ಬೇರೆ ಥರದ ನಗು.

ಆದರೆ ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದದ್ದೆಲ್ಲ ತಪ್ಪಾಗತೊಡಗಿತು. ಮನೆಯಲ್ಲಿ ಅವಳು ತಂದೆಯನ್ನು ಕೂರಿಸಿಕೊಳ್ಳದೆ, ಸ್ಕ್ರೀನ್ ರೀಡರ್ ಕೇಳಿಕೊಂಡು ತಾನೇ ಬರೆಯುತ್ತಿದ್ದಳು. ಪಟ್ಟಿಯಿಂದ ಒಂದು ಹೆಸರು ತೆಗೆಯಲು ಹೋದರೆ, ಈ ಪಟ್ಟಿಯನ್ನು ಹಾಗೆ ಕರೆಯಲು ಬರುವುದಿಲ್ಲ ಎಂಬ ಅರ್ಥದ ದೂರು. ಮತ್ತೆ ಬರೆದರೆ ಇನ್ನೊಂದು ದೂರು. ಒಂದು ಬೆಳಿಗ್ಗೆ ಬಂದವಳು ಲ್ಯಾಪ್‌ಟಾಪ್ ತೆರೆಯಲೇ ಇಲ್ಲ.

"ನನ್ನ ಕೈಲಿ ಆಗಲ್ಲ ಮೇಡಂ. ನೂರು ಸಲ ಕೇಳ್ತೀನಿ. ಎಲ್ಲ ಸರಿಯಾಗೇ ಇದೆ. ಆದ್ರೂ ತಪ್ಪು ಅನ್ನತ್ತೆ."

"ಏನು ಕೇಳ್ಸುತ್ತೆ? ನನಗೂ ಕೇಳ್ಸು" ಎಂದೆ.

ಒಂದು ಇಯರ್‌ಫೋನ್ ನನ್ನ ಕಿವಿಗಿಟ್ಟಳು. ಪರದೆಯ ಮೇಲೆ ಊರುಗಳ ಪಟ್ಟಿಯ ಹೆಸರು, ಅದರ ಮುಂದೆ ದುಂಡು ಕಂಸದೊಳಗೆ ಸೊನ್ನೆ ಇತ್ತು. ಅಲ್ಲಿ ಇರಬೇಕಾದದ್ದು ಚೌಕದ ಕಂಸ. ಆದರೆ ಕಿವಿಯೊಳಗಿನ ದನಿ ಪಟ್ಟಿಯ ಹೆಸರು ಹೇಳಿ, ಸೊನ್ನೆ ಎಂದು, ಸುಮ್ಮನಾಯಿತು. ಕಂಸದ ಸುದ್ದಿಯೇ ಇಲ್ಲ. ನಾನು ದುಂಡನೆಯದನ್ನು ತೆಗೆದು ಚೌಕದ್ದು ಹಾಕಿದೆ. ದನಿ ಮತ್ತೆ ಅದನ್ನೇ ಹೇಳಿತು. ಕಂಸಗಳನ್ನೇ ಪೂರ್ತಿ ತೆಗೆದೆ. ಆಗಲೂ ಅದೇ. ಕಥೆ, ಪತ್ರ, ಸುದ್ದಿ ಓದುವಾಗ ಪ್ರತಿ ಚಿಹ್ನೆಯನ್ನೂ ಹೇಳಿದರೆ ಕಿರಿಕಿರಿಯಾಗುತ್ತದೆ ಎಂದು ಆ ಸಾಫ್ಟ್‌ವೇರ್ ಬಹುಪಾಲು ಚಿಹ್ನೆಗಳನ್ನು ನುಂಗಿಬಿಡುತ್ತಿತ್ತು. ಸ್ಥಾನವನ್ನು ಹೇಳುವ ಆ ಎರಡು ಕಿಟಕಿಗಳು ಅವಳ ಪಾಲಿಗೆ ಇರಲೇ ಇಲ್ಲ. ತಂದೆ ಪಕ್ಕದಲ್ಲಿದ್ದಾಗ ಮಾತ್ರ ಅವು ಕೇಳಿಸುತ್ತಿದ್ದವು.

ಮಧ್ಯಾಹ್ನದವರೆಗೆ ನಾವಿಬ್ಬರೂ ಆ ಸಾಫ್ಟ್‌ವೇರಿನ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ತೆಗೆದು ನೋಡಿದೆವು. ಕೊನೆಗೆ ಎಲ್ಲ ಚಿಹ್ನೆಗಳನ್ನೂ ಹೇಳುವಂತೆ ಮಾಡುವ ಜಾಗ ಸಿಕ್ಕಿತು. ಚೌಕದ ಕಂಸಗಳನ್ನು ಮತ್ತೆ ಹಾಕಿ ಆ ಸಾಲಿಗೆ ಬಂದಾಗ ದನಿ ಪಟ್ಟಿಯ ಹೆಸರು ಹೇಳಿತು, ಆಮೇಲೆ ಎಡ ಚೌಕ ಕಂಸ ಎಂದಿತು, ಸೊನ್ನೆ ಎಂದಿತು, ಬಲ ಚೌಕ ಕಂಸ ಎಂದಿತು. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. "ಮತ್ತೊಂದು ಸಲ" ಎಂದಳು. ತಾನೇ ಬಾಣದ ಗುಂಡಿ ಒತ್ತಿ ಹಿಂದಕ್ಕೆ ಹೋಗಿ ಮುಂದಕ್ಕೆ ಬಂದು ಅದನ್ನೇ ಕೇಳಿದಳು. ಕೆನ್ನೆ ಒದ್ದೆಯಾಗಿತ್ತು. "ನಾನು ದಡ್ಡಿ ಅಂತ ಅನ್ಕೊಂಡಿದ್ದೆ ಮೇಡಂ" ಎಂದಳು.

ಅಂದಿನಿಂದ ಅವಳ ಕಲಿಕೆ ಓಡತೊಡಗಿತು. ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ನನಗೆ ಹಿಡಿಯಲೂ ಆಗದಷ್ಟು ವೇಗಕ್ಕೆ ಆ ದನಿಯನ್ನು ಏರಿಸಿಕೊಂಡು ಕೂತಳೆಂದರೆ ಪಕ್ಕದವರ ಪರಿವೆ ಇರುತ್ತಿರಲಿಲ್ಲ. ಪಕ್ಕದಲ್ಲಿ ಇರುತ್ತಿದ್ದವರು ತಂದೆ. ಅವರು ಅಭ್ಯಾಸದಂತೆ ಮುಂದಕ್ಕೆ ಬಾಗಿ "ಕಿಟಕಿ ತೆಗಿ" ಎಂದು ಶುರು ಮಾಡುತ್ತಿದ್ದರು. ಅವಳಿಗೆ ಕೇಳಿಸುತ್ತಿರಲಿಲ್ಲ. ಒಮ್ಮೆ ಇಯರ್‌ಫೋನ್ ತೆಗೆದು, ಮೆತ್ತಗೆ, "ನಕ್ಕೋ ಅಬ್ಬಾ, ಬೇಡ, ನನಗೇ ಕೇಳ್ಸುತ್ತೆ ಈಗ" ಎಂದಳು. ಅವರು "ಹ್ಞಾಂ ಹ್ಞಾಂ" ಎಂದು ಎದ್ದು ಹೊರಗೆ ಹೋದರು.

ಸ್ವಲ್ಪ ಹೊತ್ತಿನ ಮೇಲೆ ನಾನು ಕೆಳಗಿಳಿದಾಗ ಅವರು ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದರು. ಗ್ಲಾಸು ಖಾಲಿಯಾಗಿದ್ದರೂ ಕೈಯಲ್ಲೇ ಇತ್ತು.

"ಒಳ್ಳೇದೇ ಆಯ್ತಲ್ಲ ಮೇಡಂ" ಎಂದರು. "ಅವಳು ತಾನೇ ಮಾಡ್ಲಿ ಅಂತ್ಲೇ ಕರ್ಕೊಂಡು ಬಂದಿದ್ದು. ಆದ್ರೆ ಲಾರಿ ಬಿಟ್ಟ ಮೇಲೆ ನನಗೆ ಇದೊಂದು ಕೆಲ್ಸ ಇತ್ತು. ದಿನಾ ಬೆಳಿಗ್ಗೆ ಶರ್ಟ್ ಇಸ್ತ್ರಿ ಮಾಡ್ಕೊಂಡು ಹೊರಡ್ತಿದ್ದೆ."

ನಾನು ಪಕ್ಕದಲ್ಲಿ ಕೂತು ಇನ್ನೊಂದು ಚಹಾ ಹೇಳಿದೆ. ಅವರು ಕರ್ನಾಟಕದ ಘಟ್ಟಗಳ ಬಗ್ಗೆ, ರಾತ್ರಿ ಇಳಿಜಾರಿನಲ್ಲಿ ಬ್ರೇಕು ಕಾಯುವ ವಾಸನೆಯ ಬಗ್ಗೆ ಹೇಳಿದರು. ನಾನು ಕೇಳುತ್ತಾ ಕೂತೆ.

ಅದಾದ ಮೇಲೆ ಅವಳು ಒಬ್ಬಳೇ ಬಸ್ಸಿನಲ್ಲಿ ಬರುತ್ತೇನೆಂದು ಹಟ ಹಿಡಿದಳಂತೆ. ಮನೆಯಲ್ಲಿ ದೊಡ್ಡ ವಾದವೇ ಆಗಿ, ತಾಯಿ ಮಗಳ ಕಡೆ ನಿಂತರಂತೆ. ಬಿಳಿ ಕೋಲು ಹಿಡಿದು ಅವಳು ಒಬ್ಬಳೇ ಮೆಟ್ಟಿಲು ಹತ್ತಿ ಬಂದ ದಿನ ಯಜಮಾನರು ತೊಲೆಗೆ ಸ್ಪಂಜು ಸುತ್ತಿಸಿದರು. "ಇಷ್ಟು ದಿನ ನಂಗೆ ಹೊಳೀಲಿಲ್ಲ ನೋಡಿ" ಎಂದರು.

ಒಂದು ಶನಿವಾರ ಸಂಜೆ ನಾನೂ ಅವಳ ಜೊತೆ ಭದ್ರಾವತಿಯ ಮೇಲೆ ತರೀಕೆರೆಗೆ ಹೋಗುವ ಬಸ್ಸು ಹತ್ತಿದೆ. ನನ್ನ ಅಕ್ಕನ ಮನೆ ನ್ಯೂ ಟೌನಿನಲ್ಲಿದೆ. "ಬರ್ತೀನಿ ಅಂತೀಯ, ಬರೋದೇ ಇಲ್ಲ ಮಾರಾಯ್ತಿ" ಎಂದು ಅಕ್ಕ ಫೋನಿನಲ್ಲಿ ದೂರುತ್ತಲೇ ಇದ್ದಳು. ನಾವಿಬ್ಬರೂ ಮುಂದಿನ ಸೀಟಿನಲ್ಲಿ ಕೂತೆವು. ಅಂದು ತರಗತಿಯಲ್ಲಿ ಪಟ್ಟಿಯನ್ನು ಹಿಂದಿನಿಂದ ಎಣಿಸುವುದು ಹೇಳಿಕೊಟ್ಟಿದ್ದೆ. ಸಾಲು ಎಷ್ಟು ಉದ್ದವಿದೆ ಎಂದು ಗೊತ್ತಿಲ್ಲದಿದ್ದರೂ ಮೈನಸ್ ಒಂದು ಎಂದರೆ ಕೊನೆಯದು, ಮೈನಸ್ ಎರಡು ಎಂದರೆ ಅದಕ್ಕಿಂತ ಹಿಂದಿನದು ಸಿಗುತ್ತದೆ. ಅವಳಿಗೆ ಅದು ಬಹಳ ಹಿಡಿಸಿತ್ತು.

ಬಸ್ಸು ಹೊರಟ ಸ್ವಲ್ಪ ಹೊತ್ತಿಗೆ ಅವಳು ದನಿ ತಗ್ಗಿಸಿ, "ಮೇಡಂ, ಕೊನೇ ಸೀಟಲ್ಲಿ ಯಾರಿದ್ದಾರೆ ನೋಡಿ" ಎಂದಳು.

ತಿರುಗಿ ನೋಡಿದೆ. ಜನರ ನಡುವೆ, ಕಿಟಕಿಗೆ ಒತ್ತಿಕೊಂಡು, ಇಸ್ತ್ರಿ ಮಾಡಿದ ಶರ್ಟಿನಲ್ಲಿ ಅವಳ ತಂದೆ ಕೂತಿದ್ದರು. ನನ್ನನ್ನು ಕಂಡು ಗಾಬರಿಯಾಗಿ ತುಟಿಯ ಮೇಲೆ ಬೆರಳಿಟ್ಟರು. ನಾನು ಇಬ್ಬರ ನಡುವೆ ಸಿಕ್ಕಿಹಾಕಿಕೊಂಡೆ.

"ತುಂಬಾ ಜನ ಇದಾರೆ" ಎಂದೆ.

ಅವಳು ನಕ್ಕಳು. "ನಾನು ಮೈನಸ್ ಒಂದನ್ನ ಕೇಳಿದ್ದು ಮೇಡಂ. ಬಿಡಿ, ನನಗೆ ಗೊತ್ತು. ಬೆಳಿಗ್ಗೆ ಇದೇ ಥರ ಹಿಂದೆ ಕೂತ್ಕೊಂಡು ಬರ್ತಾರೆ. ಸಂಜೆ ತನಕ ಎಲ್ಲೋ ಇದ್ದು, ಹಿಂಗೇ ವಾಪಸ್ ಬರ್ತಾರೆ. ಅಬ್ಬಾನ ಕೆಮ್ಮು ನನಗೆ ಗೊತ್ತಾಗಲ್ವಾ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮನೇಲಿ ಕೂರ್ಬೇಕಾಗತ್ತೆ. ಮನೇಲಿ ಕೂತು ಏನ್ಮಾಡ್ತಾರೆ? ಇಲ್ಲಾದ್ರೆ ಮಗಳನ್ನ ಕಾಯ್ತಿದೀನಿ ಅನ್ನೋ ಸಮಾಧಾನ."

ನಾನು ಮತ್ತೆ ಹಿಂದೆ ನೋಡಲಿಲ್ಲ. ಬಸ್ಸು ನಿದಿಗೆ ದಾಟಿತು, ಮಾಚೇನಹಳ್ಳಿ ದಾಟಿತು. ಅವಳು ಮಾತು ನಿಲ್ಲಿಸಿ ಏನನ್ನೋ ಆಲಿಸುತ್ತಿದ್ದಳು. ಭದ್ರಾವತಿಯಲ್ಲಿ ಅವಳು ಇಳಿಯುವ ಜಾಗ ಬಂದು, ಜನ ಎದ್ದು ನೂಕಾಡತೊಡಗಿದರು. ಅವಳು ಎದ್ದವಳು ಬಾಗಿಲಿನ ಕಡೆ ಹೋಗಲಿಲ್ಲ. ಹಿಂದಕ್ಕೆ ತಿರುಗಿ, ಇಡೀ ಬಸ್ಸಿಗೆ ಕೇಳುವಂತೆ ಕೂಗಿದಳು.

"ಅಬ್ಬಾ! ಏಳಿ, ಸ್ಟಾಪ್ ಬಂತು!"

ಕೊನೆಯ ಸೀಟಿನಲ್ಲಿ ಅವರು ಕಿಟಕಿಗೆ ತಲೆಯಿಟ್ಟು ಗಾಢ ನಿದ್ದೆಯಲ್ಲಿದ್ದರು. ಪಕ್ಕದವರು ಅಲುಗಿಸಿದಾಗ ಬೆಚ್ಚಿಬಿದ್ದು ಎದ್ದು ಓಡಿಬಂದರು. ಕೆಳಗಿಳಿದ ಮೇಲೆ ಮೂವರೂ ಸ್ವಲ್ಪ ಹೊತ್ತು ರಸ್ತೆಯ ಪಕ್ಕದಲ್ಲಿ ನಿಂತೆವು.

"ಮಾಚೇನಹಳ್ಳಿ ಆದ್ಮೇಲೆ ಕೆಮ್ಮು ಕೇಳ್ಲಿಲ್ಲ" ಎಂದಳು ಅವಳು. "ನಿದ್ದೆ ಬಂದಿದೆ ಅಂತ ಗೊತ್ತಾಯ್ತು. ಬಿಟ್ಟಿದ್ರೆ ತರೀಕೆರೆ ಸೇರ್ತಿದ್ರಿ."

ಅವರು ತಲೆ ತಗ್ಗಿಸಿ ಶರ್ಟಿನ ಗುಂಡಿ ಮುಟ್ಟಿಕೊಳ್ಳುತ್ತಾ, "ಎಷ್ಟು ದಿನದಿಂದ ಗೊತ್ತು ಬೇಟಾ?" ಎಂದರು.

"ಸೊನ್ನೇ ದಿನದಿಂದ" ಎಂದಳು.

ಅವರಿಗೆ ನಗು ಬಂತು, ಜೊತೆಗೆ ಕೆಮ್ಮೂ ಬಂತು. ಅವಳು ಅವರ ತೋಳು ಹಿಡಿದುಕೊಂಡಳು. ಇಬ್ಬರೂ ಹಳೇ ಊರಿನ ಕಡೆ ನಡೆದರು. ಯಾರು ಯಾರನ್ನು ಕರೆದುಕೊಂಡು ಹೋಗುತ್ತಿದ್ದಾರೆ ಎಂದು ನೋಡಿದವರಿಗೆ ಹೇಳಲು ಆಗುತ್ತಿರಲಿಲ್ಲ. ನಾನು ಆಟೋ ಹತ್ತಿ ಅಕ್ಕನ ಮನೆಗೆ ಹೋದೆ.

ಆಮೇಲೆ ತಂದೆ ಹಿಂಬಾಲಿಸುವುದನ್ನು ಬಿಟ್ಟರು. ದೂರದ ಗಾಡಿ ಓಡಿಸಲು ಬೆನ್ನು ಬಿಡುತ್ತಿರಲಿಲ್ಲ. ಆದರೆ ಭದ್ರಾವತಿಯಲ್ಲೇ ಒಂದು ಬೇಕರಿಯವರ ಪುಟ್ಟ ವ್ಯಾನು ಬೆಳಗಿನ ಹೊತ್ತು ಓಡಿಸುವ ಕೆಲಸ ಹುಡುಕಿಕೊಂಡರು. ಮಗಳು ಅದನ್ನು ನನಗೆ ಹೇಳಿದ ದಿನ, ಕೋರ್ಸು ಮುಗಿದಾಗ ಇದ್ದದ್ದಕ್ಕಿಂತ ಹೆಚ್ಚು ಸಂತೋಷ ಅವಳಲ್ಲಿ ಕಂಡೆ.

ಅವಳಿಗೆ ಕೆಲಸ ಸಿಗುವುದು ಅಷ್ಟು ಸುಲಭವಾಗಲಿಲ್ಲ. ಮೊದಲು ಕರೆದ ಒಂದು ಕಚೇರಿಯವರು ಪರೀಕ್ಷೆ ಕೊಟ್ಟರು, ಚೆನ್ನಾಗಿದೆ ಎಂದರು. ವಿಡಿಯೋದಲ್ಲಿ ಮಾತಾಡಿದಾಗ ಕಣ್ಣಿನ ವಿಷಯ ತಿಳಿದು, ಆಮೇಲೆ ಹೇಳುತ್ತೇವೆ ಎಂದವರು ಹೇಳಲೇ ಇಲ್ಲ. ಅವಳು ಕೆಲವು ದಿನ ನನ್ನ ಫೋನ್ ಎತ್ತಲಿಲ್ಲ. ಅವಳ ತಾಯಿ ಎತ್ತಿ, "ಮಲಗಿದಾಳೆ ಮೇಡಂ" ಎನ್ನುತ್ತಿದ್ದರು, ಮಧ್ಯಾಹ್ನವೂ, ಸಂಜೆಯೂ. ಒಂದು ದಿನ ತಾನೇ ಫೋನ್ ಮಾಡಿ, "ಮುಂದಿನ ಪಾಠ ಏನಾದ್ರೂ ಇದ್ರೆ ಹೇಳಿ ಮೇಡಂ, ಸುಮ್ನೆ ಕೂತ್ರೆ ಹುಚ್ಚು ಹಿಡಿಯತ್ತೆ" ಎಂದಳು. ರವೀಂದ್ರನಗರದ ನನ್ನ ಮನೆಯ ಜಗಲಿಯಲ್ಲಿ ಕೂತು ಫೋನಿನಲ್ಲೇ ಪಾಠ ಮಾಡಿದೆ. ಬೆರಳಿನ ಸಹಾಯವಿಲ್ಲದೆ ಪಾಠ ಮಾಡುವುದು ಅಷ್ಟು ಹೊತ್ತಿಗೆ ನನಗೆ ಅಭ್ಯಾಸವಾಗಿತ್ತು. ಮಳೆಗಾಲ ಕಳೆದ ಮೇಲೆ ಇನ್ನೊಂದು ಸಣ್ಣ ಕಂಪನಿ ಅವಳನ್ನು ತೆಗೆದುಕೊಂಡಿತು. ಅಂಗಡಿಗಳಿಂದ ಬರುವ ಸರಕಿನ ಮಾಹಿತಿಯಲ್ಲಿ ಹೆಸರು ಎಲ್ಲಿ ತಪ್ಪಿದೆ, ಯಾವ ಅಂಕಿ ಜಾಗ ಬಿಟ್ಟು ಪಕ್ಕಕ್ಕೆ ಸರಿದಿದೆ ಎಂದು ಹುಡುಕಿ ಸರಿಪಡಿಸುವ ಕೆಲಸ. ಮನೆಯಿಂದಲೇ.

ಇತ್ತೀಚೆಗೆ ಅಕ್ಕನ ಮನೆಗೆ ಹೋದಾಗ ಅವರ ಮನೆಗೂ ಹೋಗಿದ್ದೆ. ತಾಯಿ ಹೊಲಿಗೆ ಯಂತ್ರ ಬಿಟ್ಟು ಎದ್ದು ಚಹಾ ಮಾಡಲು ಒಳಗೆ ಹೋದರು. ಅವಳು ಕೋಣೆಯಲ್ಲಿ ಮೇಜಿನ ಮುಂದೆ ಕೂತು ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಫೋನಿನಲ್ಲಿ ಏನೋ ವಿವರಿಸುತ್ತಿದ್ದಳು. ಮುಗಿಸಿ ನನ್ನ ಕಡೆ ಕುರ್ಚಿ ತಿರುಗಿಸಿದಳು. ಕೆಲಸದ ಮಾತಾಯಿತು, ಲ್ಯಾಬಿನ ಹಳೆಯ ಗೆಳೆಯರ ಮಾತಾಯಿತು. ಸಂಜೆಯಾಗುತ್ತಿತ್ತು.

"ಮೊದಲು ಕಿಟಕಿ ಯಾವ ಕಡೆ ಇದೆ ಅಂತ ಬೆಳಕಲ್ಲಿ ಗೊತ್ತಾಗ್ತಿತ್ತು ಮೇಡಂ" ಎಂದಳು, ಬೇರೆ ಏನನ್ನೋ ಹೇಳುವವಳ ಹಾಗೆ. "ಹೋದ ಚಳಿಗಾಲದಲ್ಲಿ ಅದೂ ಹೋಯ್ತು. ಡಾಕ್ಟ್ರು ಮೊದಲೇ ಹೇಳಿದ್ರು, ಹೋಗತ್ತೆ ಅಂತ. ಅಮ್ಮಿಗೆ ಹೇಳಿದೀನಿ. ಅಬ್ಬಾಗೆ ಇನ್ನೂ ಹೇಳಿಲ್ಲ."

ನಾನು ಅವಳ ಕೈ ಮೇಲೆ ಕೈಯಿಟ್ಟೆ.

"ಹೇಳ್ತೀನಿ" ಎಂದಳು. "ಸ್ವಲ್ಪ ದಿನ ಹೋಗ್ಲಿ."

ಹೊರಗೆ ಚಪ್ಪಲಿ ಬಿಡುವ ಸದ್ದಾಯಿತು. ತಂದೆ ಒಳಗೆ ಬಂದರು, ಕೈಯಲ್ಲಿ ಬೇಕರಿಯ ಪೊಟ್ಟಣ. ನನ್ನನ್ನು ಕಂಡು, "ಅರೇ ಮೇಡಂ, ಯಾವಾಗ ಬಂದ್ರಿ? ಇಷ್ಟು ಕತ್ತಲಾಗೆ ಕೂತಿದೀರಲ್ಲ" ಎಂದು ಗೋಡೆಯ ಸ್ವಿಚ್ಚು ಒತ್ತಿದರು. ದೀಪ ಹತ್ತಿಕೊಂಡಿತು.

"ಶುಕ್ರಿಯಾ ಅಬ್ಬಾ" ಎಂದಳು ಅವಳು.